ಆಟದ ಊರಿಗೊಂದು ಆಕಾಶವಾಣಿ

ಆಟಗಾರನನ್ನು ಒಂದು ಹಂತದಿಂದ ಮತ್ತೊಂದು ಹಂತಕ್ಕೆ ನಿಗದಿತ ದಾರಿಯಲ್ಲೇ ನಡೆಸುವ ಬದಲು, ಒಂದು ಇಡೀ ನಗರವನ್ನೋ ಪ್ರಾಂತವನ್ನೋ ಕಟ್ಟಿ ಅದರಲ್ಲಿ ಮನಬಂದತ್ತ ತಿರುಗಾಡಲು ಬಿಡುವ ವಿಡಿಯೊ ಗೇಮ್‌ಗಳನ್ನು ಓಪನ್ ವರ್ಲ್ಡ್ ಆಟಗಳೆಂದು ಕರೆಯುತ್ತಾರೆ. ಇಂಥ ಆಟಗಳಲ್ಲಿ ಕಥೆ ಮುಂದಕ್ಕೆ ಹೋಗದ ಹೊತ್ತೂ ಬಹಳವಿರುತ್ತದೆ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ತನಕ ಆಟಗಾರನು ಬೀದಿಯಿಂದ ಬೀದಿಗೆ, ಪೇಟೆಯಿಂದ ಹೊರವಲಯಕ್ಕೆ ವಾಹನ ಓಡಿಸುತ್ತಲೇ ಇರುತ್ತಾನೆ. ಆ ದೀರ್ಘ ಸಮಯವನ್ನು ತುಂಬಲು ಆಟದ ತಯಾರಕರು ಕಂಡುಕೊಂಡ ಅತ್ಯಂತ ಫಲಕಾರಿಯಾದ ಸಾಧನವೆಂದರೆ ವಾಹನದೊಳಗಿನ ರೇಡಿಯೊ. ಅದರಲ್ಲಿ ನಿಜವಾದ ಗಾಯಕರ ನಿಜವಾದ ಹಾಡುಗಳು, ಕಲ್ಪಿತ ನಿರೂಪಕರ ಮಾತು, ಕಲ್ಪಿತ ಸರಕುಗಳ ಜಾಹೀರಾತು ಎಲ್ಲವೂ ಕೂಡಿ ಬರುವುದರಿಂದ, ಪರದೆಯ ಮೇಲಿನ ಕಟ್ಟಡಗಳಿಗೆ ಒಂದು ಕಾಲವೂ ಒಂದು ಜನಜೀವನವೂ ದೊರೆಯುತ್ತವೆ.

ಈ ರೇಡಿಯೊ ಕೇಳಲು ಸರಳವಾಗಿ ತೋರಿದರೂ ಅದರ ಹಿಂದೆ ಮೂರು ವಿಭಿನ್ನ ಶಾಸ್ತ್ರಗಳು ದುಡಿಯುತ್ತವೆ. ಧ್ವನಿಯನ್ನು ಶೇಖರಿಸಿ ಬೇಕಾದ ಕ್ಷಣಕ್ಕೆ ಒದಗಿಸುವುದು ಗಣಕಶಾಸ್ತ್ರದ ಕೆಲಸ. ಯಾವ ಜಾಗದಲ್ಲಿ ಯಾವ ನಿಲಯ ಎಷ್ಟು ಸ್ಪಷ್ಟವಾಗಿ ಕೇಳಬೇಕೆಂಬುದು ವಿದ್ಯುತ್ಕಾಂತೀಯ ಅಲೆಗಳ ಭೌತಶಾಸ್ತ್ರಕ್ಕೆ ಸೇರಿದ್ದು. ಯಾರ ಹಾಡನ್ನು ಎಷ್ಟು ವರ್ಷ ಬಳಸಬಹುದೆಂಬುದು ಕೃತಿಸ್ವಾಮ್ಯದ ಕಾನೂನಿನ ಪ್ರಶ್ನೆ. ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸಿ ನೋಡಲು ಆಂಧ್ರಪ್ರದೇಶದ ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ನಡುವಣ ಗಡಿಸೀಮೆ ಬಹಳ ಒಳ್ಳೆಯ ನೆಲ. ಏಕೆಂದರೆ ಅಲ್ಲಿ ಎರಡು ರಾಜ್ಯಗಳು, ಎರಡು ಭಾಷೆಗಳು ಮತ್ತು ಹಲವು ನಿಲಯಗಳ ಅಲೆಗಳು ಒಂದರೊಳಗೊಂದು ಹಾಯುತ್ತವೆ.

ಕಾರಿನೊಳಗೆ ಬಂದ ರೇಡಿಯೊ

ಸ್ಕಾಟ್ಲೆಂಡಿನ ಡಂಡೀ ನಗರದ ಡಿಎಂಎ ಡಿಸೈನ್ ಸಂಸ್ಥೆ 1997ರಲ್ಲಿ ಹೊರತಂದ ಗ್ರ್ಯಾಂಡ್ ಥೆಫ್ಟ್ ಆಟೊ ಆಟದಲ್ಲಿ, ಆಟಗಾರ ವಾಹನದೊಳಗೆ ಕುಳಿತೊಡನೆ ರೇಡಿಯೊ ಹಾಡತೊಡಗುತ್ತಿತ್ತು. ಆ ಹಾಡುಗಳಲ್ಲಿ ಬಹುಪಾಲು ಸಂಸ್ಥೆಯ ಸಂಗೀತಗಾರರೇ ರಚಿಸಿ ಮುದ್ರಿಸಿದ್ದವು. ಬೇರೆ ಬೇರೆ ಶೈಲಿಯ ಕಲ್ಪಿತ ತಂಡಗಳ ಹೆಸರಿನಲ್ಲಿ ಅವನ್ನು ಆಟಕ್ಕೆ ಸೇರಿಸಲಾಗಿತ್ತು. 2001ರ ಮೂರನೆಯ ಆವೃತ್ತಿಯಲ್ಲಿ ಹರಟೆಯೇ ಪ್ರಧಾನವಾದ ನಿಲಯವೂ ಬಂದಿತು. 2002ರ ವೈಸ್ ಸಿಟಿ ಈ ಕಲೆಯನ್ನು ಬೇರೊಂದು ಮಟ್ಟಕ್ಕೆ ಒಯ್ದಿತು. ಆ ಆಟ ನಡೆಯುವುದು ಮಯಾಮಿಯನ್ನು ಹೋಲುವ ಕಲ್ಪಿತ ನಗರದಲ್ಲಿ, 1986ರಲ್ಲಿ. ಆದ್ದರಿಂದ ಅದರ ನಿಲಯಗಳಲ್ಲಿ 1980ರ ದಶಕದ ಜನಪ್ರಿಯ ಹಾಡುಗಳನ್ನೇ ಹಣ ತೆತ್ತು ಅನುಮತಿ ಪಡೆದು ಬಳಸಲಾಯಿತು. 2004ರ ಸ್ಯಾನ್ ಆಂಡ್ರಿಯಾಸ್ 1992ರ ಕ್ಯಾಲಿಫೋರ್ನಿಯಾವನ್ನು ಇದೇ ಬಗೆಯಲ್ಲಿ ಹಾಡುಗಳ ಮೂಲಕ ಕಟ್ಟಿತು. 2013ರ ಐದನೆಯ ಆವೃತ್ತಿಯ ಹೊತ್ತಿಗೆ ಅನುಮತಿ ಪಡೆದ ಹಾಡುಗಳ ಸಂಖ್ಯೆ 240ರ ಆಸುಪಾಸಿಗೆ ಏರಿತ್ತು.

ಈ ಆಟಗಳ ಕಥೆಯಲ್ಲಿ ಅಪರಾಧ ಮತ್ತು ಹಿಂಸೆಯ ಪಾಲು ದೊಡ್ಡದು. ಅವುಗಳನ್ನು ವಯಸ್ಕರಿಗೆ ಮಾತ್ರ ಎಂದು ವರ್ಗೀಕರಿಸಿರುವುದು ಸರಿಯಾಗಿಯೇ ಇದೆ. ಆದರೆ ಧ್ವನಿವಿನ್ಯಾಸದ ದೃಷ್ಟಿಯಿಂದ ಅವು ಕಲಿಸಿದ ಪಾಠವನ್ನು ಯಾವ ಆಟದ ತಯಾರಕರೂ ಅಲಕ್ಷಿಸುವಂತಿಲ್ಲ. ಸಿನಿಮಾದಲ್ಲಿ ಪಾತ್ರಗಳಿಗೆ ಕೇಳಿಸದ, ಪ್ರೇಕ್ಷಕನಿಗೆ ಮಾತ್ರ ಕೇಳಿಸುವ ಹಿನ್ನೆಲೆ ಸಂಗೀತ ಒಂದು ಬಗೆಯದು. ಪಾತ್ರದ ಕೈಯಲ್ಲಿರುವ ರೇಡಿಯೊದಿಂದಲೋ ಹೋಟೆಲಿನ ಧ್ವನಿವರ್ಧಕದಿಂದಲೋ ಬರುವ ಹಾಡು ಇನ್ನೊಂದು ಬಗೆಯದು. ಎರಡನೆಯದು ಕಥಾಲೋಕದ ಒಳಗೇ ಹುಟ್ಟಿದ ಧ್ವನಿಯಾದ್ದರಿಂದ ಅದು ಕೇಳಿದೊಡನೆ ಆ ಲೋಕ ಇದೆ ಎಂಬ ನಂಬಿಕೆ ಬಲಗೊಳ್ಳುತ್ತದೆ.

ಜಾಗ ಮತ್ತು ನೆನಪಿನ ಸಂಬಂಧವನ್ನು ಮನಶ್ಶಾಸ್ತ್ರ ಬಹು ಹಿಂದೆಯೇ ಅಳೆದು ನೋಡಿದೆ. ಬ್ರಿಟನ್ನಿನ ಡಂಕನ್ ಗಾಡೆನ್ ಮತ್ತು ಅಲನ್ ಬ್ಯಾಡ್ಲಿ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಳುಗುಗಾರರು ನೀರಿನ ಕೆಳಗೆ ಕಲಿತ ಪದಗಳನ್ನು ದಡದ ಮೇಲಿದ್ದಾಗಿನದಕ್ಕಿಂತ ನೀರಿನ ಕೆಳಗೇ ಹೆಚ್ಚು ಚೆನ್ನಾಗಿ ನೆನಪಿಸಿಕೊಂಡರು. ದಡದಲ್ಲಿ ಕಲಿತ ಪದಗಳು ದಡದಲ್ಲೇ ಹೆಚ್ಚು ನೆನಪಾದವು. ಕಲಿತ ವಿಷಯದ ಜೊತೆಗೆ ಕಲಿತ ಸನ್ನಿವೇಶವೂ ನೆನಪಿನಲ್ಲಿ ಹೆಣೆದುಕೊಳ್ಳುತ್ತದೆಂಬ ಈ ತತ್ವ, ಒಂದು ಸೇತುವೆಯನ್ನು ದಾಟುವಾಗ ಕೇಳಿದ ಹಾಡು ಮುಂದೆಂದೋ ಕಿವಿಗೆ ಬಿದ್ದಾಗ ಆ ಸೇತುವೆಯನ್ನೇ ಕಣ್ಣಮುಂದೆ ತರುವ ಅನುಭವಕ್ಕೆ ಒಂದು ವಿವರಣೆಯನ್ನು ಒದಗಿಸುತ್ತದೆ. ಆ ಸೇತುವೆ ಇರುವುದು ಪರದೆಯ ಮೇಲಷ್ಟೇ ಆದರೂ ಹಾಡು ಮಾತ್ರ ಹೊರಗಿನ ನಿಜಜಗತ್ತಿನದು ಎಂಬುದೇ ಆಟದ ರೇಡಿಯೊದ ಶಕ್ತಿ.

ಯಂತ್ರದೊಳಗಿನ ಗಡಿಯಾರ

ನಿಜವಾದ ರೇಡಿಯೊದಲ್ಲಿ ಕೇಳುಗ ನಿಲಯವನ್ನು ಬದಲಿಸಿ ಹತ್ತು ನಿಮಿಷದ ಮೇಲೆ ಮರಳಿ ಬಂದರೆ, ಕಾರ್ಯಕ್ರಮ ಹತ್ತು ನಿಮಿಷ ಮುಂದೆ ಹೋಗಿರುತ್ತದೆ. ಆಟದ ರೇಡಿಯೊ ಕೂಡ ಹಾಗೆಯೇ ನಡೆದರೆ ಮಾತ್ರ ಅದು ಎಲ್ಲೋ ಒಂದು ಸ್ಟುಡಿಯೊದಿಂದ ಬರುತ್ತಿದೆಯೆಂಬ ಭಾವನೆ ಹುಟ್ಟುತ್ತದೆ. ಹಾಗೆಂದು ಹತ್ತು ನಿಲಯಗಳ ಧ್ವನಿಯನ್ನೂ ಕಂಪ್ಯೂಟರು ಏಕಕಾಲಕ್ಕೆ ಓದುತ್ತಿರಬೇಕಾಗಿಲ್ಲ. ಪ್ರತಿ ನಿಲಯದ ಕಾರ್ಯಕ್ರಮವನ್ನು ಒಂದೇ ಉದ್ದನೆಯ ಧ್ವನಿಕಡತವಾಗಿ ಇರಿಸಿ, ಆಟ ಆರಂಭವಾದಾಗಿನಿಂದ ಕಳೆದ ಸಮಯವನ್ನು ಆ ಕಡತದ ಉದ್ದದಿಂದ ಭಾಗಿಸಿದರೆ, ಉಳಿಯುವ ಶೇಷವೇ ಸದ್ಯದ ಜಾಗವನ್ನು ಹೇಳುತ್ತದೆ. ಕಡತ 60 ನಿಮಿಷದ್ದಾಗಿದ್ದು 200 ನಿಮಿಷ ಕಳೆದಿದ್ದರೆ, ಮೂರು ಸುತ್ತು ಮುಗಿದು 20ನೆಯ ನಿಮಿಷದಲ್ಲಿ ನಿಲಯ ಇರಬೇಕು. ಆಟಗಾರ ಗುಂಡಿ ತಿರುಗಿಸಿದ ಕ್ಷಣ ಅಲ್ಲಿಂದ ಓದಲಾರಂಭಿಸಿದರೆ ಸಾಕು. ಮೂರನೆಯ ಆವೃತ್ತಿ ಮತ್ತು ವೈಸ್ ಸಿಟಿಗಳಲ್ಲಿ ನಿಲಯಗಳು ಹೀಗೆ ಉದ್ದನೆಯ ಸುರುಳಿಗಳಾಗಿದ್ದವು. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಹಾಡಿನ ಆರಂಭ, ನಡುಭಾಗ, ಮುಕ್ತಾಯಗಳನ್ನೂ ನಿರೂಪಕರ ಮಾತುಗಳನ್ನೂ ಬಿಡಿಬಿಡಿಯಾಗಿ ಇರಿಸಿ, ಆಟ ನಡೆಯುವಾಗಲೇ ಅವನ್ನು ಜೋಡಿಸುವ ಕ್ರಮ ಬಂದಿತು. ಇದರಿಂದ ಅಂದಿನ ಹವೆ ಅಥವಾ ಕಥೆಯಲ್ಲಿ ಆಗತಾನೆ ನಡೆದ ಘಟನೆಯ ಬಗ್ಗೆಯೂ ನಿರೂಪಕರು ಮಾತಾಡುವುದು ಸಾಧ್ಯವಾಯಿತು.

ಜಾಗದ ಲೆಕ್ಕವೂ ಸಣ್ಣದಲ್ಲ. ಸಿ.ಡಿ. ಗುಣಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಎಡ ಮತ್ತು ಬಲ ಎರಡು ವಾಹಿನಿಗಳಿಗೂ ಬರೆದಿಡಲಾಗುತ್ತದೆ. ಈ ಲೆಕ್ಕದಂತೆ ಒಂದು ಗಂಟೆಯ ಸಂಗೀತ ಸುಮಾರು 635 ಮೆಗಾಬೈಟ್ ಜಾಗ ಹಿಡಿಯುತ್ತದೆ. ಗಂಟೆ ಗಂಟೆಯ ಒಂಬತ್ತು ನಿಲಯಗಳಿಗೆ 5.7 ಗಿಗಾಬೈಟ್ ಬೇಕು. ಆ ಕಾಲದ ಸಾಮಾನ್ಯ ಡಿವಿಡಿಯ ಸಾಮರ್ಥ್ಯವೇ 4.7 ಗಿಗಾಬೈಟ್ ಆಗಿದ್ದುದರಿಂದ, ಧ್ವನಿಯನ್ನು ಸಂಕುಚಿಸದೆ ಇಂಥ ರೇಡಿಯೊ ಹುಟ್ಟುವಂತೆಯೇ ಇರಲಿಲ್ಲ. ಒಂದು ಗಟ್ಟಿ ಸ್ವರದ ಹಿಂದೆಯೇ ಬರುವ ಅದರ ನೆರೆಯ ಮೆಲುಸ್ವರ ಕಿವಿಗೆ ಕೇಳಿಸುವುದಿಲ್ಲವೆಂಬ ಶ್ರವಣಶಾಸ್ತ್ರದ ಸತ್ಯವನ್ನು ಬಳಸಿ, ಕೇಳಿಸದ ಭಾಗವನ್ನು ಕೈಬಿಟ್ಟು ಕಡತವನ್ನು ಕಿರಿದಾಗಿಸುವ ಎಂಪಿ3 ತಂತ್ರ ಇದೇ ಹೊತ್ತಿಗೆ ಮನೆಮಾತಾಗಿತ್ತು.

ಆ ಎಂಪಿ3 ಕಡತಗಳೇ ವೈಸ್ ಸಿಟಿಯ ಕಂಪ್ಯೂಟರ್ ಆವೃತ್ತಿಯಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದವು. ಆಟದ ಕಡತಗಳ ನಡುವೆ ಎಂಪಿ3 ಎಂಬ ಹೆಸರಿನ ಒಂದು ಫೋಲ್ಡರ್ ಇದ್ದು, ಅದರೊಳಗೆ ಆಟಗಾರ ಇರಿಸಿದ ಹಾಡುಗಳೆಲ್ಲ ಪ್ರತ್ಯೇಕ ನಿಲಯವಾಗಿ ಆಟದ ಕಾರಿನಲ್ಲಿ ಕೇಳಿಸುತ್ತಿದ್ದವು. ನಂತರದ ಆವೃತ್ತಿಗಳಲ್ಲೂ ಬೇರೆ ಬೇರೆ ಹೆಸರುಗಳಲ್ಲಿ ಈ ಸೌಲಭ್ಯ ಮುಂದುವರಿದು, ಐದನೆಯ ಆವೃತ್ತಿಯ ಕಂಪ್ಯೂಟರ್ ರೂಪದಲ್ಲಿ ಸೆಲ್ಫ್ ರೇಡಿಯೊ ಎನಿಸಿತು. ಕನ್ನಡ ಅಥವಾ ತೆಲುಗಿನ ನಿಲಯವನ್ನು ತಯಾರಕರು ಒದಗಿಸದಿದ್ದರೂ, ಮಯಾಮಿಯಂಥ ಊರಿನ ಕಡಲದಂಡೆಯಲ್ಲಿ ರಾಜ್‌ಕುಮಾರ್ ಅಥವಾ ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಕೇಳುವ ದಾರಿಯನ್ನು ಈ ಪುಟ್ಟ ಫೋಲ್ಡರ್ ಒದಗಿಸಿತು. ಆದರೆ ಇದು ಆಟಗಾರನ ಸ್ವಂತ ಸಂಗ್ರಹವಷ್ಟೇ. ನಿರೂಪಕರ ಮಾತಾಗಲಿ, ಊರಿನ ಸುದ್ದಿಯಾಗಲಿ, ಆಟದ ಭೂಗೋಳಕ್ಕೆ ತಕ್ಕ ಹೊಂದಾಣಿಕೆಯಾಗಲಿ ಅದರಲ್ಲಿಲ್ಲ. ನಿಲಯವೊಂದು ಒಂದು ನೆಲಕ್ಕೆ ಸೇರಿದ್ದಾಗಬೇಕಾದರೆ ಅಲೆಗಳು ಆ ನೆಲದಲ್ಲಿ ಹೇಗೆ ಹರಿಯುತ್ತವೆಂಬುದನ್ನು ತಿಳಿಯಬೇಕು.

ಅಲೆಗಳ ಭೂಗೋಳ

ಹಿಂದೂಪುರ ಬೆಂಗಳೂರಿನಿಂದ ನೇರ ರೇಖೆಯಲ್ಲಿ ಸುಮಾರು 95 ಕಿಲೊಮೀಟರ್ ಉತ್ತರಕ್ಕಿದೆ. ರೈಲು ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರುಗಳನ್ನು ದಾಟಿ ಅಲ್ಲಿಗೆ ತಲುಪುತ್ತದೆ. ನಂದಿಯ ಬೆಟ್ಟಗಳಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯೂ ಗೌರಿಬಿದನೂರಿನ ಬಳಿ ಹಾದು ಅದೇ ಸೀಮೆಗೆ ಇಳಿಯುತ್ತದೆ. ಕಲ್ಯಾಣದುರ್ಗ ಹಿಂದೂಪುರದಿಂದ ಸುಮಾರು 90 ಕಿಲೊಮೀಟರ್ ವಾಯವ್ಯಕ್ಕೆ, ಅನಂತಪುರದಿಂದ ಸುಮಾರು 55 ಕಿಲೊಮೀಟರ್ ಪಶ್ಚಿಮಕ್ಕಿದೆ. 2022ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶ ತನ್ನ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಈ ಎರಡು ಊರುಗಳನ್ನು ನಕ್ಷೆಯ ಮೇಲೆ ಒಂದು ಗೆರೆಯಿಂದ ಜೋಡಿಸಿದರೆ, ಆ ಗೆರೆ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕನ್ನು ಹಾದುಹೋಗುತ್ತದೆ. ತುಮಕೂರು ಜಿಲ್ಲೆಗೆ ಸೇರಿದ ಆ ತಾಲ್ಲೂಕಿನ ಬಹುಪಾಲು ಗಡಿ ಆಂಧ್ರದ ನೆಲಕ್ಕೇ ಅಂಟಿಕೊಂಡಿದೆ. ಹಿಂದೂಪುರದ ಪಶ್ಚಿಮಕ್ಕಿರುವ ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳದ ಕಡೆ ಕನ್ನಡ ಮನೆಯ ಮಾತಾಗಿಯೂ ಶಾಲೆಯ ಮಾತಾಗಿಯೂ ಉಳಿದಿದೆ.

ಈ ಸೀಮೆಯ ಮೇಲೆ ಹಾಯುವ ಅಲೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಅಲೆಯೊಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಂಬುದನ್ನು ಆವೃತ್ತಿಯೆನ್ನುತ್ತಾರೆ; ಆವೃತ್ತಿ ಹೆಚ್ಚಿದಷ್ಟೂ ಅಲೆಯ ಉದ್ದ ಕಡಿಮೆಯಾಗುತ್ತದೆ. ಆಕಾಶವಾಣಿ ಬೆಂಗಳೂರು 612 ಕಿಲೊಹರ್ಟ್ಸ್‌ನಲ್ಲಿ 200 ಕಿಲೊವ್ಯಾಟ್ ಶಕ್ತಿಯಿಂದ ಮಾಡುವ ಮಧ್ಯಮ ತರಂಗದ ಪ್ರಸಾರದಲ್ಲಿ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರ್. ಇಷ್ಟು ನೀಳವಾದ ಅಲೆ ನೆಲದ ಮೈಗೆ ಅಂಟಿಕೊಂಡು, ಭೂಮಿಯ ಬಾಗನ್ನು ಅನುಸರಿಸುತ್ತ, ಗುಡ್ಡಗಳ ಬದಿಯಲ್ಲಿ ಬಳಸಿಕೊಂಡು ಮುಂದಕ್ಕೆ ಹೋಗಬಲ್ಲುದು. ಹಗಲಿನಲ್ಲೂ ನೂರಾರು ಕಿಲೊಮೀಟರ್ ದೂರಕ್ಕೆ ಅದು ಮುಟ್ಟುವುದು ಇದರಿಂದಲೇ. ಎಫ್.ಎಂ. ನಿಲಯಗಳದ್ದು 100 ಮೆಗಾಹರ್ಟ್ಸ್ ಆಸುಪಾಸಿನ ಆವೃತ್ತಿ, ಅಲೆಯ ಉದ್ದ ಸುಮಾರು 3 ಮೀಟರ್. ಅಷ್ಟು ಗಿಡ್ಡ ಅಲೆ ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತದೆ. 100 ಮೀಟರ್ ಎತ್ತರದ ಗೋಪುರದಿಂದ ಹೊರಟರೆ ಸಮತಟ್ಟಾದ ನೆಲದಲ್ಲಿ ಕಾರಿನ ಎತ್ತರಕ್ಕೆ ಅದರ ದಿಗಂತ 46 ಕಿಲೊಮೀಟರಿನಷ್ಟು. ಅದರಾಚೆಗೆ ಅಲೆ ಪೂರ್ತಿ ಇಲ್ಲವಾಗದಿದ್ದರೂ ಬೇಗನೆ ಕ್ಷೀಣಿಸುತ್ತದೆ. ಹೀಗಾಗಿ ಬೆಂಗಳೂರಿನ ಎಫ್.ಎಂ. ನಿಲಯಗಳ ಸ್ಪಷ್ಟತೆ ಉತ್ತರಕ್ಕೆ ಹೋದಂತೆ, ಮಾಕಳಿದುರ್ಗದ ಬೆಟ್ಟಸಾಲಿನ ಆಚೆಗೆ, ಕುಸಿಯುತ್ತ ಹೋಗುವುದು ಸಹಜ. ಕಲ್ಯಾಣದುರ್ಗದ ಕಡೆ ಆ ಜಾಗವನ್ನು ಅನಂತಪುರದ ಆಕಾಶವಾಣಿಯ ತೆಲುಗು ಎಫ್.ಎಂ. ತುಂಬುತ್ತದೆ.

ಒಂದೇ ಆವೃತ್ತಿಯಲ್ಲಿ ಎರಡು ಎಫ್.ಎಂ. ನಿಲಯಗಳ ಅಲೆಗಳು ಒಂದು ರೇಡಿಯೊವನ್ನು ತಲುಪಿದಾಗ ನಡೆಯುವುದು ಇನ್ನೂ ಸ್ವಾರಸ್ಯಕರ. ಮಧ್ಯಮ ತರಂಗದಲ್ಲಿ ಎರಡೂ ಧ್ವನಿಗಳು ಒಂದರ ಮೇಲೊಂದು ಕೇಳಿಸುತ್ತವೆ. ಎಫ್.ಎಂ.ನಲ್ಲಾದರೋ ಧ್ವನಿ ಅಡಗಿರುವುದು ಅಲೆಯ ಬಲದಲ್ಲಿ ಅಲ್ಲದೆ ಅದರ ಆವೃತ್ತಿಯ ಏರಿಳಿತದಲ್ಲಿ ಆದ್ದರಿಂದ, ತುಸು ಬಲವಾದ ಅಲೆಯೇ ಇನ್ನೊಂದನ್ನು ಪೂರಾ ಅಡಗಿಸಿಬಿಡುತ್ತದೆ. ಎರಡು ನಿಲಯಗಳ ನಡುವಣ ಬಯಲಿನಲ್ಲಿ ವಾಹನ ಸಾಗುವಾಗ, ದಿಬ್ಬ ಹತ್ತಿದರೆ ಒಂದು, ತಗ್ಗಿಗಿಳಿದರೆ ಇನ್ನೊಂದು, ಹೀಗೆ ಹಠಾತ್ತಾಗಿ ನಿಲಯ ಬದಲಾಗುವುದು ಇದರ ಪರಿಣಾಮ. ರಾತ್ರಿಯ ಲೆಕ್ಕ ಬೇರೆಯೇ ಇದೆ. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ ಅಯಾನುಗೋಲದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗಿಹೋಗುವುದರಿಂದ, ಮೇಲ್ಪದರಗಳಿಂದ ಪ್ರತಿಫಲಿಸಿದ ಅಲೆಗಳು ದೂರದೂರದ ನಿಲಯಗಳನ್ನು ಹೊತ್ತು ತರುತ್ತವೆ. 738 ಕಿಲೊಹರ್ಟ್ಸ್‌ನ ಹೈದರಾಬಾದಿನಂಥ ಪ್ರಬಲ ನಿಲಯಗಳ ವ್ಯಾಪ್ತಿ ಇರುಳಿನಲ್ಲಿ ಹಿಗ್ಗುವುದು ಹೀಗೆ.

ಆಟಗಳಲ್ಲಿ ಈ ಭೌತಶಾಸ್ತ್ರವನ್ನು ಗಂಭೀರವಾಗಿ ತೆಗೆದುಕೊಂಡವು ವಿರಳ. ಗ್ರ್ಯಾಂಡ್ ಥೆಫ್ಟ್ ಆಟೊದ ಹೆಚ್ಚಿನ ನಿಲಯಗಳು ನಕ್ಷೆಯ ಮೂಲೆಮೂಲೆಯಲ್ಲೂ ಒಂದೇ ಸ್ಪಷ್ಟತೆಯಲ್ಲಿ ಕೇಳುತ್ತವೆ. 2008ರ ಫಾಲೌಟ್ 3 ಇದಕ್ಕೆ ಒಳ್ಳೆಯ ಅಪವಾದ. ಅಣುಯುದ್ಧದಿಂದ ಹಾಳಾದ ವಾಷಿಂಗ್ಟನ್ ನಗರದಲ್ಲಿ ನಡೆಯುವ ಆ ಆಟದ ಗ್ಯಾಲಕ್ಸಿ ನ್ಯೂಸ್ ರೇಡಿಯೊ ಮೊದಮೊದಲು ಒಂದು ಸೀಮಿತ ಪ್ರದೇಶದಲ್ಲಿ ಮಾತ್ರ ಸಿಗುತ್ತದೆ. ವಾಷಿಂಗ್ಟನ್ ಸ್ಮಾರಕದ ತುದಿಯಲ್ಲಿ ಪ್ರಸಾರದ ತಟ್ಟೆಯೊಂದನ್ನು ಕೂರಿಸಿದ ಮೇಲೆ ಇಡೀ ನಕ್ಷೆಗೆ ಅದರ ಧ್ವನಿ ತಲುಪುತ್ತದೆ. ಎತ್ತರ ಹೆಚ್ಚಿದರೆ ದಿಗಂತ ಹಿಗ್ಗುತ್ತದೆಂಬ ಪಾಠವನ್ನು ಆಟಗಾರ ಇಲ್ಲಿ ಕಾಲ್ನಡಿಗೆಯಲ್ಲೇ ಕಲಿಯುತ್ತಾನೆ.

ಹಿಂದೂಪುರ–ಪಾವಗಡ–ಕಲ್ಯಾಣದುರ್ಗ ಸೀಮೆಯನ್ನು ಆಟದ ನಕ್ಷೆಯಾಗಿಸುವವರು ಇದನ್ನೇ ಇನ್ನಷ್ಟು ಸೂಕ್ಷ್ಮವಾಗಿ ಮಾಡಬಹುದು. ಪ್ರತಿ ನಿಲಯಕ್ಕೂ ಗೋಪುರದ ಸ್ಥಾನ, ಎತ್ತರ, ಶಕ್ತಿ, ಆವೃತ್ತಿ ಎಂಬ ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ, ವಾಹನ ಇರುವ ಜಾಗದಲ್ಲಿ ಅದರ ಬಲವನ್ನು ಲೆಕ್ಕ ಹಾಕಬಹುದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಬಲ ಕಾಲುಭಾಗಕ್ಕಿಳಿಯುತ್ತದೆ; ನಡುವೆ ಬೆಟ್ಟ ಅಡ್ಡ ಬಂದರೆ ಇನ್ನೂ ಕುಗ್ಗುತ್ತದೆ. ಬಲ ಇಳಿದಂತೆ ಹಾಡಿನ ಪಾಲನ್ನು ತಗ್ಗಿಸಿ ಗರಗರ ಸದ್ದಿನ ಪಾಲನ್ನು ಏರಿಸಿದರೆ, ಗೌರಿಬಿದನೂರಿನ ಬಳಿ ಸ್ಪಷ್ಟವಾಗಿದ್ದ ಕನ್ನಡ ನಿಲಯ ನಕ್ಷೆಯ ಉತ್ತರ ತುದಿಯಲ್ಲಿ ತೆಲುಗು ನಿಲಯಕ್ಕೆ ದಾರಿ ಬಿಡುವುದನ್ನು ಆಟಗಾರ ಕಿವಿಯಿಂದಲೇ ಗುರುತಿಸಬಲ್ಲ. ರಾಜ್ಯದ ಗಡಿಯನ್ನು ಗೆರೆಯಾಗಿ ತೋರಿಸುವ ನಕ್ಷೆಗಿಂತ, ಎರಡು ಭಾಷೆಗಳು ಬೆರೆತಿರುವ ಅಗಲವಾದ ಪಟ್ಟಿಯಾಗಿ ತೋರಿಸುವ ಈ ಧ್ವನಿನಕ್ಷೆ ಅಲ್ಲಿನ ಬದುಕಿಗೆ ಹೆಚ್ಚು ನಿಷ್ಠವಾದುದು.

ಹಾಡಿನ ಒಡೆತನ

ಅಲೆಗಳ ಲೆಕ್ಕ ಮುಗಿದ ಮೇಲೆ ಉಳಿಯುವ ಪ್ರಶ್ನೆ ಅದಕ್ಕಿಂತ ಕಠಿಣವಾದುದು: ಆ ನಿಲಯಗಳಲ್ಲಿ ಯಾವ ಹಾಡು ಹಾಕಬೇಕು, ಅದನ್ನು ಯಾರಿಂದ ಪಡೆಯಬೇಕು? ಒಂದು ಸಿನಿಮಾ ಹಾಡಿನಲ್ಲಿ ಕಾನೂನು ಕನಿಷ್ಠ ಮೂರು ಕೃತಿಗಳನ್ನು ಕಾಣುತ್ತದೆ. ಸಾಹಿತ್ಯ ಒಂದು, ರಾಗಸಂಯೋಜನೆ ಇನ್ನೊಂದು, ಹಾಡಿ ಮುದ್ರಿಸಿದ ಧ್ವನಿಮುದ್ರಿಕೆ ಮತ್ತೊಂದು. ಇವುಗಳ ಜೊತೆಗೆ ಹಾಡಿದವರ ಪ್ರದರ್ಶಕ ಹಕ್ಕೂ ಇದೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣದ ನಂತರ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರ 60 ವರ್ಷ. ಹೀಗಾಗಿ 1954ರಲ್ಲಿ ಪ್ರಕಟವಾದ ಮುದ್ರಿಕೆಯ ಹಕ್ಕು 2014ರ ಕೊನೆಗೆ ಮುಗಿದರೂ, ಅದರ ಸಂಯೋಜಕರು 1990ರಲ್ಲಿ ನಿಧನರಾಗಿದ್ದರೆ ರಾಗದ ಹಕ್ಕು 2050ರ ಕೊನೆಯವರೆಗೆ ಜೀವಂತವಾಗಿರುತ್ತದೆ. ಹಳೆಯದೆಂಬ ಕಾರಣಕ್ಕೆ ಹಾಡು ಮುಕ್ತವೆಂದು ಭಾವಿಸುವುದು ತಪ್ಪಾಗುವುದು ಇಲ್ಲಿಯೇ.

ನಿಜವಾದ ರೇಡಿಯೊ ನಿಲಯಗಳಿಗೆ ಕಾನೂನು ಒಂದು ಸುಗಮ ಮಾರ್ಗವನ್ನು ಕೊಟ್ಟಿದೆ. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ರೇಡಿಯೊ ಸಿಟಿಯೊಂದಿಗೆ ದೇಶದ ಖಾಸಗಿ ಎಫ್.ಎಂ. ಯುಗ ಆರಂಭವಾದ ಮೇಲೆ, ನಿಲಯಗಳು ಸಂಗೀತ ಸಂಸ್ಥೆಗಳಿಗೆ ಎಷ್ಟು ತೆರಬೇಕೆಂಬ ವ್ಯಾಜ್ಯ ಹಲವು ವರ್ಷ ನಡೆಯಿತು. 2010ರಲ್ಲಿ ಕೃತಿಸ್ವಾಮ್ಯ ಮಂಡಳಿ ನಿಲಯದ ನಿವ್ವಳ ಜಾಹೀರಾತು ಆದಾಯದ ಶೇಕಡ 2ರಷ್ಟನ್ನು ಗೊತ್ತುಪಡಿಸಿತು. 2012ರ ತಿದ್ದುಪಡಿ, ಮುಂಚಿತವಾಗಿ ತಿಳಿಸಿ ನಿಗದಿತ ಶುಲ್ಕ ಕಟ್ಟಿದರೆ ಪ್ರಕಟವಾದ ಹಾಡನ್ನು ಪ್ರಸಾರ ಮಾಡಲು ಪ್ರಸಾರಕರಿಗೆ ಶಾಸನದ ಮೂಲಕವೇ ಅನುಮತಿ ಸಿಗುವಂತೆ ಮಾಡಿತು. ಅದೇ ತಿದ್ದುಪಡಿ ಸಾಹಿತಿ ಮತ್ತು ಸಂಯೋಜಕರ ಗೌರವಧನದ ಪಾಲನ್ನು ಅವರಿಂದ ಬರೆಸಿಕೊಳ್ಳಲಾಗದಂತೆ ರಕ್ಷಿಸಿತು. 1977ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದಾಗಿ ಸಿನಿಮಾ ಹಾಡುಗಳ ಹಕ್ಕು ನಿರ್ಮಾಪಕರತ್ತ ವಾಲಿದ್ದುದಕ್ಕೆ ಇದು ಬಹುಕಾಲ ಕಾದಿದ್ದ ಪರಿಹಾರವಾಗಿತ್ತು.

ಆಟದೊಳಗಿನ ರೇಡಿಯೊ ಎಷ್ಟೇ ರೇಡಿಯೊದಂತೆ ಕೇಳಿದರೂ ಈ ಸುಗಮ ಮಾರ್ಗ ಅದಕ್ಕೆ ದಕ್ಕುವುದಿಲ್ಲ, ಏಕೆಂದರೆ ಅದು ಕಾನೂನಿನ ಕಣ್ಣಿನಲ್ಲಿ ಪ್ರಸಾರವಲ್ಲ. ಅಂತರಜಾಲದ ಸಂಗೀತ ಸೇವೆಗೂ ಶಾಸನದ ಆ ಅನುಮತಿ ಅನ್ವಯಿಸದೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ ಮತ್ತು ವಿಂಕ್ ಸಂಸ್ಥೆಗಳ ನಡುವಣ ಪ್ರಕರಣದಲ್ಲಿ ಹೇಳಿತ್ತು. ಆಟದ ತಯಾರಕರು ಪ್ರತಿ ಹಾಡಿಗೂ ಎರಡು ಬೇರೆ ಬೇರೆ ಒಪ್ಪಂದಗಳನ್ನು ಮಾಡಿಕೊಳ್ಳಬೇಕು. ರಾಗ ಮತ್ತು ಸಾಹಿತ್ಯವನ್ನು ದೃಶ್ಯಕ್ಕೆ ಹೊಂದಿಸುವ ಅನುಮತಿಯನ್ನು ಸಿಂಕ್ರೊನೈಸೇಷನ್ ಲೈಸೆನ್ಸ್ ಎನ್ನುತ್ತಾರೆ. ನಿರ್ದಿಷ್ಟ ಧ್ವನಿಮುದ್ರಿಕೆಯನ್ನು ಬಳಸುವ ಅನುಮತಿ ಮಾಸ್ಟರ್ ಲೈಸೆನ್ಸ್. ಹಾಡನ್ನು ದೃಶ್ಯದೊಂದಿಗೆ ಜೋಡಿಸುವುದು ಪ್ರತ್ಯೇಕ ಹಕ್ಕೆಂಬುದು ಕರ್ನಾಟಕದಲ್ಲಿ 2022ರ ನವೆಂಬರ್‌ನಲ್ಲಿ ಸಾರ್ವಜನಿಕ ಚರ್ಚೆಗೆ ಬಂದಿತ್ತು. ಕೆಜಿಎಫ್ ಚಾಪ್ಟರ್ 2 ಚಿತ್ರದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಿಗೆ ಬಳಸಲಾಗಿದೆಯೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರು ನೀಡಿ ನ್ಯಾಯಾಲಯಕ್ಕೆ ಹೋಗಿತ್ತು.

ಗಡಿಸೀಮೆಯ ಎರಡು ಭಾಷೆಗಳು ಈ ಲೆಕ್ಕವನ್ನು ಇಮ್ಮಡಿಗೊಳಿಸುತ್ತವೆ. 1954ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕನಾಗಿಸಿದ ಬೇಡರ ಕಣ್ಣಪ್ಪ ಕನ್ನಡದಲ್ಲಿಯೂ, ಅದೇ ಕಥೆಯ ಕಾಳಹಸ್ತಿ ಮಹಾತ್ಮ್ಯಂ ಅವರದೇ ನಟನೆಯಲ್ಲಿ ತೆಲುಗಿನಲ್ಲಿಯೂ ಬಂದವು. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಎರಡು ದಶಕಗಳ ಕಾಲ ಕನ್ನಡದ ನಾಯಕನ ಹಾಡುಧ್ವನಿಯಾಗಿದ್ದರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ತೆಲುಗಿನಲ್ಲಿ ಮೊದಲ ಹಾಡು ಹಾಡಿದ ಬೆನ್ನಲ್ಲೇ, 1967ರ ನಕ್ಕರೆ ಅದೇ ಸ್ವರ್ಗ ಚಿತ್ರಕ್ಕಾಗಿ ಕನ್ನಡದಲ್ಲಿ ಹಾಡಿದರು. ಇಂದಿನ ಚಿತ್ರಗಳಲ್ಲಿ ಒಂದೇ ರಾಗಕ್ಕೆ ಎರಡು ಭಾಷೆಗಳ ಸಾಹಿತ್ಯವಿರುವುದು ಸಾಮಾನ್ಯವಾಗಿದ್ದು, ಹಿಂದೂಪುರದ ಪೇಟೆಯಲ್ಲಿ ಎರಡೂ ಕೇಳಿಬರಬಹುದು. ಆದರೆ ಕಾನೂನಿನ ಲೆಕ್ಕದಲ್ಲಿ ಅವು ಎರಡು ಸಾಹಿತ್ಯ, ಎರಡು ಮುದ್ರಿಕೆ. ಆ ಊರಿನ ಧ್ವನಿಯನ್ನು ನಿಷ್ಠೆಯಿಂದ ಮರುಸೃಷ್ಟಿಸಬಯಸುವ ಆಟ ಎರಡನ್ನೂ ಬೇರೆ ಬೇರೆಯಾಗಿ ಪಡೆಯಬೇಕಾಗುತ್ತದೆ.

ವಾಯಿದೆ ಮುಗಿದ ಹಾಡುಗಳು

ಇಷ್ಟೆಲ್ಲ ಮಾಡಿ ಪಡೆದ ಅನುಮತಿಯೂ ಸಾಮಾನ್ಯವಾಗಿ ಶಾಶ್ವತವಲ್ಲ. ಗೇಣಿಗೆ ಹಿಡಿದ ಹೊಲದಲ್ಲಿ ಕಡಲೆಕಾಯಿ ಬೆಳೆಯಬಹುದು, ಬಾವಿಯನ್ನೂ ತೋಡಬಹುದು, ಆದರೆ ವಾಯಿದೆ ಮುಗಿದ ದಿನ ಬಿಟ್ಟುಕೊಡಲೇಬೇಕು. ಲೈಸೆನ್ಸ್ ಪಡೆದ ಹಾಡಿನ ಸ್ಥಿತಿಯೂ ಅದೇ. 2008ರ ಏಪ್ರಿಲ್‌ನಲ್ಲಿ ಬಂದ ಗ್ರ್ಯಾಂಡ್ ಥೆಫ್ಟ್ ಆಟೊ 4ರ ಕೆಲವು ಹಾಡುಗಳ ಅನುಮತಿ ಹತ್ತು ವರ್ಷಕ್ಕೆ ಮಾತ್ರ ಇತ್ತು. 2018ರ ಏಪ್ರಿಲ್‌ನಲ್ಲಿ ಆ ಹಾಡುಗಳನ್ನು ಆಟದಿಂದ ತೆಗೆಯಲಾಯಿತು. ಹೆಚ್ಚು ನಷ್ಟವಾದದ್ದು ವ್ಲಾಡಿವೊಸ್ಟಾಕ್ ಎಫ್.ಎಂ. ಎಂಬ ನಿಲಯಕ್ಕೆ; ಆಟದ ನಾಯಕನಂತೆ ಪೂರ್ವ ಯುರೋಪಿನಿಂದ ವಲಸೆ ಬಂದು ಅಮೆರಿಕದ ನಗರವೊಂದರ ಒಂದು ಮೂಲೆಯಲ್ಲಿ ನೆಲೆಸಿದವರ ಭಾಷೆಯ ನಿಲಯ ಅದಾಗಿತ್ತು. ಹೊಸ ಹಾಡುಗಳನ್ನು ಆ ಜಾಗಕ್ಕೆ ಸೇರಿಸಲಾಯಿತಾದರೂ, ಹತ್ತು ವರ್ಷ ಕೇಳಿದವರ ನೆನಪಿನೊಳಗಿನ ಬಡಾವಣೆ ಆ ಹೊತ್ತಿಗೆ ಬೇರೆ ಹಾಡುಗಳಿಂದ ಕಟ್ಟಲ್ಪಟ್ಟಿತ್ತು. ಅಲನ್ ವೇಕ್ ಎಂಬ ಆಟವನ್ನು ಸಂಗೀತದ ಅನುಮತಿ ಮುಗಿದ ಕಾರಣಕ್ಕೆ 2017ರ ಮೇ ತಿಂಗಳಲ್ಲಿ ಮಾರಾಟದಿಂದಲೇ ಹಿಂತೆಗೆದುಕೊಂಡು, ಮರುವರ್ಷ ಅನುಮತಿ ನವೀಕರಿಸಿದ ಮೇಲೆ ಮತ್ತೆ ಬಿಡುಗಡೆ ಮಾಡಲಾಯಿತು. ವಾಹನ ಓಟದ ಫೋರ್ಜಾ ಹೊರೈಜನ್ ಸರಣಿಯ ಹಳೆಯ ಆಟಗಳು ಕಾರು ಮತ್ತು ಹಾಡುಗಳ ಒಪ್ಪಂದ ಮುಗಿದಂತೆ ಒಂದೊಂದಾಗಿ ಮಾರುಕಟ್ಟೆಯಿಂದ ಮರೆಯಾಗುತ್ತ ಬಂದಿವೆ. ನಾಲ್ಕನೆಯದು 2024ರ ಡಿಸೆಂಬರ್‌ನಲ್ಲಿ ಹೋಯಿತು.

ಇದಕ್ಕೆ ಇನ್ನೊಂದು ತೊಡಕೂ ಸೇರಿದೆ. ಆಡುತ್ತಿರುವ ಆಟವನ್ನು ವಿಡಿಯೊ ಮಾಡಿ ಇತರರಿಗೆ ತೋರಿಸುವುದು ಇಂದು ದೊಡ್ಡ ಹವ್ಯಾಸವಾಗಿದ್ದು, ಆ ವಿಡಿಯೊದಲ್ಲಿ ಲೈಸೆನ್ಸ್ ಹಾಡು ಕೇಳಿದರೆ ಯೂಟ್ಯೂಬಿನಂಥ ತಾಣದ ಯಂತ್ರ ಅದನ್ನು ಗುರುತಿಸುತ್ತದೆ. ಹಾಡಿನ ಪ್ರತಿ ಕ್ಷಣದಲ್ಲೂ ಯಾವ ಆವೃತ್ತಿಗಳು ಎದ್ದು ಕಾಣುತ್ತವೆಂಬುದನ್ನು ಚುಕ್ಕೆಗಳ ವಿನ್ಯಾಸವಾಗಿ ಬರೆದುಕೊಂಡು, ಸಂಗ್ರಹದಲ್ಲಿರುವ ಲಕ್ಷಾಂತರ ವಿನ್ಯಾಸಗಳೊಂದಿಗೆ ಹೋಲಿಸುವ ಈ ವಿಧಾನಕ್ಕೆ ಧ್ವನಿಯ ಬೆರಳಚ್ಚು ಎಂಬ ಹೆಸರು ಒಪ್ಪುತ್ತದೆ. ಎಂಜಿನಿನ ಸದ್ದಿನ ನಡುವೆಯೂ ಅದು ಹಾಡನ್ನು ಪತ್ತೆಹಚ್ಚಬಲ್ಲುದು. ಆದ್ದರಿಂದ 2020ರ ಸೈಬರ್‌ಪಂಕ್ 2077ರಂಥ ಆಟಗಳು ಲೈಸೆನ್ಸ್ ಹಾಡುಗಳನ್ನು ಒಂದೇ ಗುಂಡಿಯಿಂದ ಆರಿಸುವ ಆಯ್ಕೆಯನ್ನು ಒದಗಿಸಿದವು.

ಗಡಿನಾಡಿಗೆ ತಕ್ಕ ನಿಲಯ

ಈ ಎಲ್ಲ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ತೀರ್ಮಾನ ಅನಿವಾರ್ಯವಾಗುತ್ತದೆ: ಒಂದು ಊರಿನ ಧ್ವನಿಚಿತ್ರ ಎಷ್ಟು ಕಾಲ ಬಾಳುತ್ತದೆಂಬುದನ್ನು ನಿರ್ಧರಿಸುವುದು ಹಾಡಿನ ಜನಪ್ರಿಯತೆಗಿಂತಲೂ ಅದರ ಹಕ್ಕಿನ ಸ್ವರೂಪ. 1997ರಲ್ಲಿ ತಮ್ಮದೇ ಸಂಗೀತಗಾರರಿಂದ ರಚಿಸಿಕೊಂಡ ಹಾಡುಗಳಿಗೆ ವಾಯಿದೆಯ ಭಯವಿರಲಿಲ್ಲ. ಅಪಾರ ಹಣ ಕೊಟ್ಟು ತಂದ ಪ್ರಸಿದ್ಧ ಹಾಡುಗಳೇ ಮೊದಲು ಮರೆಯಾದವು. ದೊಡ್ಡ ಬಂಡವಾಳವಿಲ್ಲದ, ದೊಡ್ಡ ಮಾರುಕಟ್ಟೆಯೂ ಇಲ್ಲದ ಗಡಿಸೀಮೆಯ ಆಟಕ್ಕೆ ಇದು ನಿರಾಶೆಯ ಮಾತಲ್ಲ, ಭರವಸೆಯ ಮಾತು.

ಏಕೆಂದರೆ ಆ ಸೀಮೆಯಲ್ಲಿ ಯಾರ ಸ್ವತ್ತೂ ಅಲ್ಲದ ಸಂಗೀತ ಹೇರಳವಾಗಿದೆ. ಕೋಲಾಟದ ಪದಗಳು, ಬುರ್‍ರಕಥೆ, ಉರುಮೆಯ ಬಡಿತ, ಕುರುಬರ ಡೊಳ್ಳು, ಲೇಪಾಕ್ಷಿಯ ಸುತ್ತಿನ ಭಜನೆಯ ಮೇಳಗಳು ಪರಂಪರೆಯಿಂದ ಬಂದವಾದ್ದರಿಂದ ಅವುಗಳ ಪಾರಂಪರಿಕ ರಾಗ ಮತ್ತು ಪದಗಳಿಗೆ ಕೃತಿಸ್ವಾಮ್ಯದ ತಡೆಯಿಲ್ಲ. ಹಾಗೆಂದು ಕಲಾವಿದರಿಗೆ ಹಕ್ಕಿಲ್ಲವೆಂದು ಅರ್ಥವಲ್ಲ. ಹಾಡಿದವರಿಗೆ, ಬಾರಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಇದೆ. ಹೊಸದಾಗಿ ಮುದ್ರಿಸಿದ ಧ್ವನಿಗೆ ಮುದ್ರಿಸಿದವರ ಹಕ್ಕೂ ಹುಟ್ಟುತ್ತದೆ. ಕಲಾವಿದರಿಗೆ ನ್ಯಾಯವಾದ ಸಂಭಾವನೆ ಕೊಟ್ಟು, ಆಟ ಇರುವಷ್ಟು ಕಾಲವೂ ಬಳಸಲು ಅವರು ತಿಳಿದು ಒಪ್ಪಿದ ಲಿಖಿತ ಅನುಮತಿ ಪಡೆದು, ಮಾರಾಟದಲ್ಲಿ ಅವರ ಪಾಲನ್ನೂ ಬರೆದಿಟ್ಟರೆ, ಆ ಮುದ್ರಿಕೆ ಆಟದಿಂದ ಕಿತ್ತು ತೆಗೆಯಬೇಕಾದ ದಿನ ಬರುವುದಿಲ್ಲ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಲೀಸಾಗಿ ಮಾತಾಡಬಲ್ಲ ನಿರೂಪಕರು ಆ ಸೀಮೆಯಲ್ಲಿ ಹುಡುಕದೆಯೇ ಸಿಗುತ್ತಾರೆ. ಸಂತೆಯ ಧಾರಣೆ, ಮಳೆಯ ಮುನ್ಸೂಚನೆ, ಪರೀಕ್ಷೆಯ ಪ್ರಕಟಣೆ, ಜಾತ್ರೆಯ ಕರೆಗಳನ್ನು ಅವರಿಂದ ಓದಿಸಿದರೆ ನಿಲಯಕ್ಕೆ ಊರಿನ ಉಸಿರು ಬರುತ್ತದೆ. ಸಿನಿಮಾ ಹಾಡುಗಳನ್ನು ಬಿಡಬೇಕೆಂದೇನೂ ಇಲ್ಲ. ನಂದಮೂರಿ ತಾರಕ ರಾಮರಾವ್ ಶಾಸಕರಾಗಿದ್ದ ಹಿಂದೂಪುರದ ಧ್ವನಿಯನ್ನು ತೆಲುಗು ಸಿನಿಮಾ ಇಲ್ಲದೆ ಊಹಿಸುವುದು ಕಷ್ಟ. ಆದರೆ ಅವುಗಳನ್ನು ಬದಲಿಸಬಹುದಾದ ಪ್ರತ್ಯೇಕ ನಿಲಯವಾಗಿರಿಸಿ, ಊರಿನ ಗುರುತನ್ನು ಹೊರುವ ನಿಲಯವನ್ನು ವಾಯಿದೆಯಿಲ್ಲದ ಮುದ್ರಿಕೆಗಳಿಂದ ಕಟ್ಟುವುದು ವಿವೇಕ.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕದಿಂದ ಆಕಾಶವಾಣಿಯನ್ನು ಆರಂಭಿಸಿದರು. ಮುಂದೆ ಅದೇ ಹೆಸರನ್ನು ಇಡೀ ದೇಶದ ಪ್ರಸಾರ ವ್ಯವಸ್ಥೆ ಧರಿಸಿತು. ದೊಡ್ಡ ಸಂಸ್ಥೆಗಳು ಬಂದು ಕಟ್ಟಿಕೊಡಲೆಂದು ಕಾಯದೆ, ಇದ್ದ ಸಾಧನದಿಂದ ಸುತ್ತಲಿನವರ ಧ್ವನಿಯನ್ನು ಪ್ರಸಾರ ಮಾಡಿದ ಆ ಪ್ರಯತ್ನ ಇಂದಿನ ಆಟದ ತಯಾರಕರಿಗೆ ನೇರವಾದ ಮಾದರಿ. ಒಂದು ಸಾಧಾರಣ ಕಂಪ್ಯೂಟರು, ಒಳ್ಳೆಯ ಮೈಕು, ಗೋಪುರಗಳ ನಾಲ್ಕು ಸಂಖ್ಯೆಗಳನ್ನು ಲೆಕ್ಕ ಹಾಕುವ ಕೆಲವು ಸಾಲುಗಳ ಕ್ರಮವಿಧಿ ಮತ್ತು ಕಲಾವಿದರನ್ನು ಗೌರವಿಸುವ ಒಂದು ಪ್ರಾಮಾಣಿಕ ಒಪ್ಪಂದಪತ್ರ, ಇಷ್ಟಿದ್ದರೆ ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ಎರಡು ಭಾಷೆಗಳ ನೆಲಕ್ಕೆ ಆಟದ ಲೋಕದಲ್ಲಿ ತನ್ನದೇ ನಿಲಯವನ್ನು ಕಟ್ಟಿಕೊಡಬಹುದು. ಬೆಂಗಳೂರು ಮತ್ತು ಹೈದರಾಬಾದಿನ ಆಟದ ತಯಾರಕರೂ, ಆ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾದದ್ದು ಹಾಡುವ ಹಿರಿಯರು ಇನ್ನೂ ಹಾಡುತ್ತಿರುವಾಗಲೇ.